ಎಡಗೈ ಹೊಲಿಗೆಯ ಅಚ್ಚು

ನಮ್ಮ ಮನೆ, ಕಿಟಕಿಯ ಪಕ್ಕ
ಮಾರ್ಚ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಸೋಪಿನ ನೀರಿನಲ್ಲಿ ಕೈಯಾಡಿಸಿ ಬೆರಳ ಸಂದಿ ಬಿರಿದಿದೆ ಎಂದಿದ್ದೆ, ಈಗ ವಾಸಿಯಾಯಿತೇ? ಮುಲಾಮು ಹಚ್ಚಿಕೊಂಡೇ ಮಲಗು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಜ್ಜಿಯ ಮಂಡಿಯ ಊತ ಇಳಿದಿದೆ, ಬಾಯಿಯ ಜೋರು ಮಾತ್ರ ಇಳಿದಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ನಿನ್ನ ಪಕ್ಕದ ಜಾಗವನ್ನು ತಿಂಗಳ ಕೊನೆಯವರೆಗೆ ನನಗಾಗಿ ಇಟ್ಟಿರುತ್ತಾರೆ, ನಮ್ಮ ಮೂವರಿಗೂ ಮಂಚ ಹಿಡಿಸುವ ಕೋಣೆಯನ್ನೂ ನೋಡಿದ್ದೇನೆ ಎಂದು ಬರೆದಿದ್ದೀಯ. ಪತ್ರವನ್ನು ಮೂರು ಸಲ ಓದಿದೆ. ಅದಕ್ಕೆ ಉತ್ತರ ಆಮೇಲೆ ಬರೆಯುತ್ತೇನೆ. ಮೊದಲು ಬಟ್ಟೆ ಅಚ್ಚಿನ ತರಗತಿಯ ಸುದ್ದಿ.

ವರ್ಷದ ಕೊನೆಗೆ ಪ್ರತಿಯೊಬ್ಬರೂ ಸ್ವಂತ ವಿನ್ಯಾಸವನ್ನು ಮರದ ಹಲಗೆಯಲ್ಲಿ ಕೆತ್ತಿ, ನಾಲ್ಕು ಮೀಟರ್ ಬಟ್ಟೆಗೆ ಅಚ್ಚು ಹಾಕಬೇಕಿತ್ತು. ಎರಡನೇ ವರ್ಷಕ್ಕೆ ಯಾರು ಉಳಿಯುತ್ತಾರೆ ಎನ್ನುವುದು ಆ ಬಟ್ಟೆಯ ಮೇಲೆ ನಿಂತಿತ್ತು. ವಿನ್ಯಾಸ ಮನೆಯಲ್ಲೇ ಹುಡುಕಿ ಎಂದರು ಮೇಷ್ಟ್ರು. ಪಕ್ಕದ ಮೇಜಿನ ಕನ್ನಡಕದವಳು ಬಾಚಣಿಗೆ ತಂದಳು. ನಾನು ಮೂರು ದಿನ ಮನೆಯೆಲ್ಲ ತಡಕಾಡಿ, ಕೊನೆಗೆ ನೀಲಿ ಹೊದಿಕೆಯ ಹರಕಿಗೆ ನೀನು ಹಾಕಿದ ಹೊಲಿಗೆಯನ್ನೇ ಆರಿಸಿಕೊಂಡೆ. ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ, ನಿನ್ನ ಎಡಗೈಯದು, ಎಲ್ಲವೂ ಎಡಕ್ಕೆ ವಾಲಿದ್ದು. ತೆಳು ಕಾಗದದಲ್ಲಿ ಗೆರೆ ಎತ್ತಿಕೊಂಡು, ಹಲಗೆಗೆ ಇಳಿಸಿ, ಹತ್ತು ದಿನ ಕೆತ್ತಿದೆ. ಅಕ್ಷರವಾದರೆ ತಿರುಗಿಸಿ ಕೆತ್ತಬೇಕೆಂದು ಮೇಷ್ಟ್ರು ಹೇಳಿದ್ದರು. ಹೊಲಿಗೆಗೆ ಎಡವೇನು ಬಲವೇನು ಎಂದುಕೊಂಡು ನಾನು ಕಾಗದವನ್ನು ಮಗುಚಲೇ ಇಲ್ಲ.

ಎರಡು ಮೀಟರ್ ಅಚ್ಚು ಹಾಕಿ, ಮೊದಲು ಒತ್ತಿ ನೋಡಿದ ಒಂದು ತುಂಡನ್ನು ಅಜ್ಜಿಗೆ ತೋರಿಸೋಣವೆಂದು ಮನೆಗೆ ತಂದೆ. ಅಜ್ಜಿ ಅದನ್ನು ಹೊದಿಕೆಯ ಪಕ್ಕ ಹಿಡಿದು ನೋಡಿ, “ಇದು ನಿಮ್ಮಮ್ಮನ ಕೈ ಅಲ್ಲ ಕಣೆ, ನಿನ್ನ ಕೈ. ಅವಳ ಹೊಲಿಗೆ ಅವಳ ಥರಾನೇ, ಎಲ್ಲರಿಗಿಂತ ಉಲ್ಟಾ” ಅಂದರು. ನೋಡಿದರೆ ನಿಜ. ಗೆರೆಗಳೆಲ್ಲ ಬಲಕ್ಕೆ ವಾಲಿದ್ದವು. 

ಮರುದಿನ ಮೇಷ್ಟ್ರಿಗೆ ಹೇಳಿದೆ. “ಯಾರಿಗೆ ಗೊತ್ತಾಗುತ್ತೆ, ಮುಗಿಸು. ಇನ್ನೊಂದು ಹಲಗೆ ಇಲ್ಲ” ಅಂದರು. ತರಗತಿಯಲ್ಲಿ ನಾನು ಬಾಯಿ ಬಿಡುವವಳಲ್ಲ, ನಿನಗೆ ಗೊತ್ತು. ಆದರೂ “ಅಮ್ಮನಿಗೆ ಗೊತ್ತಾಗುತ್ತೆ ಸಾರ್” ಅಂದುಬಿಟ್ಟೆ. ಕನ್ನಡಕದವಳು ಉಳಿ ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದಳು. ನಾನು ಹಲಗೆಯ ಹಿಂದಿನ ಹಿಡಿ ಕಿತ್ತು, ಆ ಮುಖದಲ್ಲಿ ಎರಡು ದಿನ ಹಗಲೂ ರಾತ್ರಿ ಕೂತು ಮತ್ತೆ ಕೆತ್ತಿದೆ, ಈ ಸಲ ಕಾಗದ ಮಗುಚಿ. ಹಿಡಿ ಇಲ್ಲದ್ದರಿಂದ ಉಳಿದ ಎರಡು ಮೀಟರನ್ನು ಅಂಗೈಯಲ್ಲೇ ಒತ್ತಬೇಕಾಯಿತು. ಮುಗಿಯುವ ಹೊತ್ತಿಗೆ ಮೊದಲ ಮುಖದ ಹೊಲಿಗೆಯೆಲ್ಲ ನನ್ನ ಅಂಗೈಗೆ ನೀಲಿಯಾಗಿ ಅಂಟಿತ್ತು. ಇನ್ನೂ ಪೂರ್ತಿ ಹೋಗಿಲ್ಲ.

ಬಟ್ಟೆಯನ್ನು ಗೋಡೆಯುದ್ದಕ್ಕೆ ಕಟ್ಟಿದಾಗಲೇ ನಾನೂ ಸರಿಯಾಗಿ ನೋಡಿದ್ದು. ಎಡಗಡೆ ಅರ್ಧ ಬಲಕ್ಕೆ ವಾಲಿದೆ, ಬಲಗಡೆ ಅರ್ಧ ಎಡಕ್ಕೆ. ನೀನೂ ನಾನೂ ಒಂದೇ ಹೊದಿಕೆಯನ್ನು ಎರಡು ಕಡೆಯಿಂದ ಹೊಲಿಯುತ್ತಾ ಬಂದ ಹಾಗೆ ಕಂಡಿತು. ಮೇಷ್ಟ್ರು ಹತ್ತಿರ ಬಂದು ನೋಡಿ, “ನಡುವೆ ಒಂದು ಬೆರಳಿನಷ್ಟು ಖಾಲಿ ಬಿಡಬೇಕಿತ್ತು” ಅಂದರು. ಬಿಡಬಾರದೆಂದೇ ಬಿಟ್ಟಿರಲಿಲ್ಲ. 

ಅಜ್ಜಿ ನಿನಗೆ ಆಶೀರ್ವಾದ ಹೇಳಿದ್ದಾರೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ. ನಿನ್ನ ಪಾದಕ್ಕೆ ನನ್ನ ನಮಸ್ಕಾರ.

ನಿನ್ನ
ಗುಬ್ಬಚ್ಚಿ

ಲಕೋಟೆ ಅಂಟಿಸುವ ಮೊದಲು: ಎರಡನೇ ವರ್ಷಕ್ಕೆ ಉಳಿಸಿಕೊಂಡ ನಾಲ್ವರಲ್ಲಿ ನಾನೂ ಇದ್ದೇನೆ. ಲಾಂಡ್ರಿಯ ಜಾಗವನ್ನು ಬೇರೆಯವರಿಗೆ ಕೊಡಲು ಹೇಳಿಬಿಡು ಅಮ್ಮ. ಇದನ್ನು ಮೊದಲೇ ಬರೆದಿದ್ದರೆ ನೀನು ಉಳಿದದ್ದನ್ನು ಓದುತ್ತಿರಲಿಲ್ಲ. ಮೂರು ಮಂಚದ ಕೋಣೆಯ ಮಾತು ಓದಿ ಅಜ್ಜಿಗೆ ಕಾಣದ ಹಾಗೆ ಅತ್ತುಬಿಟ್ಟೆ, ಅದೂ ನಿಜ. ಎರಡೂ ಮುಖ ಒತ್ತಿ ನೋಡಿದ ಒಂದು ತುಂಡನ್ನು ಪತ್ರದೊಳಗೆ ಇಟ್ಟಿದ್ದೇನೆ, ಬಲಗಡೆಯದು ನೀನು. ಕೋಪ ಬಂದರೆ ಬೈದಾದರೂ ಬರೆ, ಬರೆಯದೆ ಇರಬೇಡ.