ಸೇತುವೆ ದುರಸ್ತಿಯಲ್ಲಿಲ್ಲ

ಸೇತುವೆಯ ಆಚೆ ದಂಡೆ, ಮೂರನೇ ಮಹಡಿ
ಅಕ್ಟೋಬರ್ ೯, ಗುರುವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಬಾಟಲಿಯನ್ನು ಕಪಾಟಿನಲ್ಲಿ ಕೂರಿಸಿ ಮುಖ ನೋಡುತ್ತಿದ್ದೀಯೋ? ಕೆಮ್ಮಿನ ಔಷಧಿ ಬಿಡಬೇಡ. ನೂಲಿನ ಗಿರಣಿ ನಿನ್ನಿಂದ ಎಲ್ಲ ಕಿತ್ತುಕೊಂಡು, ಎದೆಯೊಳಗಿನ ಆ ಧೂಳನ್ನು ಮಾತ್ರ ವಾಪಸ್ ಕೇಳಲಿಲ್ಲ ನೋಡು. ನಾನು ಚೆನ್ನಾಗಿದ್ದೇನೆ. ಮೈ ಚೆನ್ನಾಗಿದೆ, ಮನಸ್ಸಿನ ಸಮಾಚಾರ ಆಮೇಲೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಆ ಕಡೆ ನಿನ್ನ ಉಸಿರು ನಿಂತದ್ದು ನನಗೆ ಕೇಳಿಸಿಬಿಡುತ್ತದೆ, ಅದಕ್ಕೇ ಕಾಗದ.

ಮೊದಲು ಈ ಪರದೇಶದ ಊರಿನ ಸುದ್ದಿ. ಅಮ್ಮಾ, ಈ ಊರಿನಲ್ಲಿ ಕಾಲಿಗೆ ಮರ್ಯಾದೆ ಇದೆ. ರಸ್ತೆಗೆ ಒಂದು ಹೆಜ್ಜೆ ಇಟ್ಟರೆ ಸಾಕು, ಲಾರಿಯವನೂ ನಿಲ್ಲಿಸಿ, ದಾಟಮ್ಮಾ ಅಂತ ಕೈಸನ್ನೆ ಮಾಡ್ತಾನೆ. ಮೊದಲ ದಿನ ಇವನಿಗೆ ನನ್ನ ಹತ್ತಿರ ಏನೋ ಕೆಲಸ ಆಗಬೇಕಿದೆ ಅಂತಲೇ ಅನುಮಾನಪಟ್ಟೆ. ನಡೆಯುವವರಿಗೇ ಅಂತ ಅಗಲವಾದ ಕಲ್ಲುಹಾಸು, ಅಲ್ಲಲ್ಲಿ ಬೆಂಚು. ನಮ್ಮಲ್ಲಿ ಒಂದು ಬೆಂಚು ಬರಬೇಕಾದರೆ ಮೊದಲು ಯಾರಾದರೂ ದೊಡ್ಡವರು ಸಾಯಬೇಕು. ನಿನ್ನ ಮಗ, ನಮ್ಮ ಮೈಕು, ರಜೆ ಹಾಕಿ ನನ್ನನ್ನು ಊರೆಲ್ಲ ನಡೆಸಿದ. ಗಡಿಯಾರದ ಕಂಬದ ಹತ್ತಿರ ಎಡಕ್ಕೆ ತಿರುಗಿದರೆ ಬ್ರೆಡ್ಡಿನಂಗಡಿ ಅಕ್ಕಾ, ಟೈಲರಂಗಡಿ ದಾಟಿದರೆ ತೋಟ. ಸೇತುವೆ ಕಡೆ ಮಾತ್ರ ಹೋಗಬೇಡ, ದುರಸ್ತಿ ನಡೀತಿದೆ ಅಂದ. ತಲೆಯಾಡಿಸಿದೆ. ನೀನು ಬೆಳೆಸಿದ ಮಗ, ಸುಳ್ಳು ಹೇಳ್ತಾನಾ? ಹೋಟೆಲಿನಲ್ಲಿ ಮೇಲ್ವಿಚಾರಕ ಅಂದ, ಅದನ್ನೂ ನಂಬಿದೆ. ಸಂಜೆ ಬಂದರೆ ಅಂಗಿಯೆಲ್ಲ ಸೋಪಿನ ವಾಸನೆ. ಸ್ನಾನಕ್ಕೆ ಅಟ್ಟಿಸಿಕೊಂಡು ಹೋಗಬೇಕಿದ್ದ ಕೊಳಕ ಎಷ್ಟು ಶುಚಿ ಕಲಿತ ಅಂತ ಹಿಗ್ಗಿದೆ, ಪೆದ್ದಿ ನಾನು.

ಒಂದು ಬೆಳಿಗ್ಗೆ ಕಾಲು ತಾನಾಗಿ ಸೇತುವೆಗೆ ಹೋಯಿತು. ಮುದುಕರು, ಮಕ್ಕಳ ಗಾಡಿ ತಳ್ಳುವವರು, ಎಲ್ಲರೂ ಆರಾಮಾಗಿ ದಾಟುತ್ತಿದ್ದಾರೆ. ಒಂದು ಕಲ್ಲೂ ಸಡಿಲವಾಗಿಲ್ಲ. ನಡುವೆ ಬಂದಾಗ ಡಬ್ಬಿ ಬಡಿಯುವ ಸದ್ದು. ಗಿರಣಿ ಗೇಟಿನ ಮುಂದೆ ನೀನು ಊಟದ ಡಬ್ಬಿ ಬಡಿದದ್ದು ಇದೇ ತಾಳದಲ್ಲಿ; ಆ ಸದ್ದಿಗೆ ಭಾಷೆ ಬೇಡ. ಆಚೆ ದಂಡೆಯಲ್ಲಿ ದೊಡ್ಡ ಲಾಂಡ್ರಿ, ಆಸ್ಪತ್ರೆ ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಒಗೆಯುವುದು ಅಲ್ಲೇ. ಗೇಟಿನೆದುರು ಕೆಲಸದವರು ಧರಣಿ ಕೂತಿದ್ದರು. ನಾನು ಈ ಊರಿಗೆ ಬರುವ ಮೊದಲೇ ಕೂತವರು. ಇಸ್ತ್ರಿ ಹಾಕುವ ಹೆಂಗಸೊಬ್ಬಳು ತೋಳಿನ ಸುಟ್ಟ ಗೆರೆ ತೋರಿಸಿದಳು. ಗಾಳಿಯಲ್ಲೇ ಕಿಟಕಿ ಬರೆದಳು, ಅದಕ್ಕೆ ಮೊಳೆ ಹೊಡೆದಳು, ಕಣ್ಣು ತೇಲಿಸಿ ಪಕ್ಕದವಳ ಮೇಲೆ ಬಿದ್ದಳು. ಆವಿಯ ಕೋಣೆಯ ಕಿಟಕಿಗೆ ಮೊಳೆ ಹೊಡೆದಿದ್ದಾರೆ, ಒಳಗೆ ಜನ ಬೀಳುತ್ತಿದ್ದಾರೆ. ಅಷ್ಟೇ ಕಥೆ. ಒಂದು ಕಿಟಕಿ ತೆಗೀರಿ ಅನ್ನೋಕೆ ಮನುಷ್ಯರು ಬೀದಿಗೆ ಬರಬೇಕು! ಸೆರಗು ಸಿಕ್ಕಿಸಿ ನಾನೂ ಕೂತುಬಿಟ್ಟೆ.

ಆಮೇಲೆ ದಿನಾ ಹೋದೆ. ಮೈಕುಗೆ ಹೇಳಲಿಲ್ಲ, ಹೋದಲ್ಲೆಲ್ಲ ಅಕ್ಕನಿಗೊಂದು ಧರಣಿ ಸಿಗುತ್ತೆ ಅಂತ ರೇಗಿಸ್ತಾನಲ್ಲ, ಅದಕ್ಕೆ. ಅವರಿಗೆ ನಮ್ಮ ಘೋಷಣೆ ಕಲಿಸಿದೆ. 'ಬೇಕೇ ಬೇಕು' ಅಂತ ನಾನು, 'ನ್ಯಾಯ ಬೇಕು' ಅಂತ ಅವರು. ಅವರ ಬಾಯಲ್ಲಿ ಅದು 'ನಾಯಿ ಬೇಕು' ಆಯಿತು. ತಿದ್ದಿ ತಿದ್ದಿ ಸಾಕಾಯಿತು. ಇರಲಿ, ಮಾಲೀಕನ ಹತ್ತಿರ ಅಷ್ಟೊಂದಿವೆ, ನಮಗೂ ಒಂದಿರಲಿ ಅಂತ ಬಿಟ್ಟೆ.

ದಿನಾ ನಸುಕಿಗೇ, ನಾನು ಬರುವ ಮೊದಲೇ ಒಳಗೆ ನುಸುಳುತ್ತಿದ್ದ ಒಂದು ಬಿಳಿ ವ್ಯಾನು ಮೊನ್ನೆ ಸೋಮವಾರ ತಡವಾಗಿ ಬಂತು. ಕಿಟಕಿಗೆಲ್ಲ ಪರದೆ. ಸೀದಾ ಹಿಂದಿನ ಗೇಟಿಗೆ ತಿರುಗಿತು. ಒಳಗಿರೋದು ಧರಣಿ ಮುರಿಯೋಕೆ ತಂದ ಕೆಲಸದವರು ಅಂತ ನಿನಗೆ ಹೇಳಬೇಕಾ? ಧರಣಿ ನಡೆಯುವ ಜಾಗಕ್ಕೆ ಪರದೆ ಹಾಕಿಕೊಂಡು ಮದುವೆ ದಿಬ್ಬಣ ಬರೋದಿಲ್ಲ. ಓಡಿ ಸುತ್ತುವರಿದೆವು. ಒಂದು ಪರದೆಯೂ ಅಲ್ಲಾಡಲಿಲ್ಲ. ಬೇಕೇ ಬೇಕು ಅಂತ ಕೂಗಿದೆ. ಇವರೆಲ್ಲ ಒಂದೇ ಗಂಟಲಲ್ಲಿ, ನಾಯಿ ಬೇಕು. ಆಗ ಒಂದು ಪರದೆ ಸರಿಯಿತು. ಅಲ್ಲಿದ್ದ ಮುಖ ನಗುತ್ತಿತ್ತು. ಈ ಊರಿನಲ್ಲಿ ಆ ಮಾತಿಗೆ ನಗು ಬರುವವನು ಒಬ್ಬನೇ ಅಮ್ಮಾ. ನಕ್ಕಾದ ಮೇಲೆ ಅವನು ನನ್ನನ್ನು ನೋಡಿದ.

ಅವನಿಗೆ ಮೈಕು ಅಂತ ಹೆಸರಿಟ್ಟವಳು ನೀನು. ಸಂಘಕ್ಕೆ ಮೈಕಿಗೆ ಗತಿಯಿಲ್ಲದಾಗ ಮೋಟುದ್ದದ ಮಗನನ್ನು ನೀರಿನ ಪೀಪಾಯಿ ಮೇಲೆ ಹತ್ತಿಸಿ, ಕೂಗೋ ನನ್ನ ಮೈಕು ಅಂದೆ. ಅವನು ಕೂಗಿದರೆ ಮ್ಯಾನೇಜರನ ಟೀ ಲೋಟ ನಡುಗುತ್ತಿತ್ತು. ಅದೇ ಮುಷ್ಕರದಲ್ಲಿ ಚಿಕ್ಕಪ್ಪ ಹಿಂದಿನ ಗೇಟಿನಿಂದ ಕೆಲಸಕ್ಕೆ ಹೋದ. ಅಂದಿನಿಂದ ನೀನು ಅವನ ಮನೆಯಲ್ಲಿ ನೀರು ಮುಟ್ಟಲಿಲ್ಲ, ಸಾವಿಗೂ ಹೋಗಲಿಲ್ಲ. ಹಿಂದಿನ ಗೇಟಿನಿಂದ ಬಂದ ಅನ್ನ ಗಂಟಲಲ್ಲಿ ಇಳಿಯಲ್ಲ ಅಂದೆ. ನಿನ್ನ ಪಕ್ಕದಲ್ಲೇ ಕೂತು ಅದನ್ನು ಕೇಳಿಸಿಕೊಂಡ ಹುಡುಗ ಇವನು!

ಸಂಜೆ ಅವನು ಹೇಳಿದ್ದು ಇಷ್ಟು: 'ಬೇರೆ ಕೆಲಸ ಸಿಗಲ್ಲ ಅಕ್ಕಾ. ಕೆಲಸ ಇಲ್ಲ ಅಂದ್ರೆ ಈ ದೇಶದಲ್ಲಿ ಇರೋಕೇ ಬಿಡಲ್ಲ. ನೀನು ಬಂದ ಟಿಕೆಟ್ಟೂ ಅದೇ ವ್ಯಾನಿನಿಂದ ಬಂದದ್ದು.' ಆಮೇಲಿನದು ಇನ್ನೂ ಸೊಗಸಾಗಿದೆ: 'ಅವರೇನು ನಮ್ಮವರಾ?' ತೋಳು ಸುಟ್ಟುಕೊಂಡವರು ನಮ್ಮವರಲ್ಲದಿದ್ದರೆ ಇನ್ಯಾರೋ ನಮ್ಮವರು, ವ್ಯಾನಿನ ಡ್ರೈವರಾ ಅಂತ ಕೇಳಿದೆ. ಅವನ ಕಷ್ಟ ಸುಳ್ಳಲ್ಲ. ಹೆದರಿದ್ದಾನೆ. ಬಂದ ದಿನವೇ, ಹೆದರಿಕೆ ಆಗ್ತಿದೆ ಅಕ್ಕಾ ಅಂದಿದ್ದರೆ ತಬ್ಬಿಕೊಂಡು ಅತ್ತಿರುತ್ತಿದ್ದೆ. ಸೇತುವೆ ದುರಸ್ತಿ ಅಂದನಲ್ಲಮ್ಮಾ, ಅದು ಉರಿಯುತ್ತದೆ. ಊರಿನ ಅಷ್ಟೂ ದಾರಿಯನ್ನು ಕೈಹಿಡಿದು ತೋರಿಸಿದ್ದು ಒಂದು ದಾರಿ ಮುಚ್ಚಿಡೋಕೆ.

ಉಂಡ ಮನೆಗೆ ಎರಡು ಬಗೆಯಬಾರದು ಅಂತಾರೆ. ಎರಡು ಬಗೆದವನ ಮನೆಯಲ್ಲೇ ಉಂಡಿದ್ದರೆ ಏನು ಮಾಡಬೇಕು, ಅದಕ್ಕೆ ಗಾದೆಯಿಲ್ಲ. ಆ ಅನ್ನ ನನ್ನ ಗಂಟಲಲ್ಲಿ ಇಳಿದಿತ್ತು ಅಮ್ಮಾ. ಇನ್ನೊಂದು ಸ್ವಲ್ಪ ಹಾಕು ಅಂತ ಕೇಳಿ ಬಡಿಸಿಕೊಂಡಿದ್ದೆ. ಪೆಟ್ಟಿಗೆ ಎತ್ತಿಕೊಂಡು ಸೇತುವೆ ದಾಟಿದೆ. ಇಸ್ತ್ರಿಯವಳು ತನ್ನ ಕೋಣೆಯಲ್ಲಿ ನನಗೂ ಹಾಸಿಗೆ ಹಾಸಿದ್ದಾಳೆ. ಎಷ್ಟೇ ಚಳಿಯಿದ್ದರೂ ಕಿಟಕಿ ಮುಚ್ಚಲು ಬಿಡಲ್ಲ ಪುಣ್ಯಾತ್ಗಿತ್ತಿ. ಅಕ್ಷರ ಸೊಟ್ಟಗಿರೋದು ಅದಕ್ಕೇ, ಅಳುತ್ತಿದ್ದೇನೆ ಅಂದುಕೊಳ್ಳಬೇಡ.

ಸಂಘದವರಿಗೆಲ್ಲ ನನ್ನ ನೆನಪು ಹೇಳು. ನಿನ್ನ ಪಾದಕ್ಕೆ ಬೀಳಲ್ಲ, ನೀನೇ ಬೈತೀಯ. ನಿನ್ನ ಮುಷ್ಟಿಗೆ ನಮಸ್ಕಾರ.

ನಿನ್ನ,
ದೊಡ್ಡವಳು

ತಾ.ಕ.: ಅಮ್ಮನಿಗೆ ಮಾತ್ರ ಹೇಳಬೇಡ ಅಂತ ಬಾಗಿಲಲ್ಲಿ ನಿಂತು ಕೈ ಮುಗಿದ. ಹೇಳಿಬಿಟ್ಟಿದ್ದೇನೆ. ಈ ಕಾಗದ ಕೈಸೇರಿದ ಮೇಲೆ, ಭಾನುವಾರ ಅವನು ಫೋನ್ ಮಾಡಿದಾಗ 'ಊಟ ಆಯ್ತೇನೋ' ಅಂತ ಕೇಳಬೇಡ. 'ಯಾವ ಗೇಟಿನಿಂದ ಒಳಗೆ ಹೋದ್ಯೋ' ಅಂತ ಕೇಳು. ಸುಮ್ಮನಾಗುತ್ತಾನೆ, ಆಗ ಫೋನ್ ಇಟ್ಟುಬಿಡಬೇಡ. ಇವರ ಹತ್ತಿರವೂ ಮೈಕಿಲ್ಲ, ಮುಂದಿನ ಗೇಟಿನ ಪಕ್ಕ ಒಂದು ಪೀಪಾಯಿ ಬಿದ್ದಿದೆ, ಅದರ ಮೇಲೆ ಇನ್ನೂ ಯಾರೂ ಹತ್ತಿಲ್ಲವಂತೆ ಅಂತ ಹೇಳು.