ಆಸ್ಲೌಗ್ ಕೂತಿದ್ದ ಬೆಂಚು

ಭಾನುವಾರ, ಫೆಬ್ರವರಿ 9

ನನ್ನ ಮೇಲೇ ನನಗೆ ಹೇಸಿಗೆಯಾಗುತ್ತಿದೆ.

ಮೀನಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಆಸ್ಲೌಗ್ ಇವತ್ತು ನೇರವಾಗಿ ಆರಾಧನೆಗೆ ಬಂದಿದ್ದಳು. ಅವಳ ಬಟ್ಟೆಯ ಮೀನಿನ ವಾಸನೆಗೆ ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಬೇರೆ ಕಡೆ ಕೂತರು. ಆಮೇಲೆ ಕಾಫಿ, ವಾಫಲ್ ಹಂಚುವಾಗ ಸಭಾಹಿರಿಯ ಹಾಲ್ವಾರ್ಡ್ ನನ್ನ ಕಿವಿಯಲ್ಲಿ ನಗುತ್ತಾ ಪಿಸುಗುಟ್ಟಿದ: "ಪಾಸ್ಟರೇ, ಮೀನೇ ಎದ್ದು ಪ್ರಾರ್ಥನೆಗೆ ಬಂದಂಗಿದೆ. ಆಯಮ್ಮಂಗೆ ನೀವೇ ಒಂದ್ಮಾತು ಹೇಳ್ಬಿಡಿ."

ಆ ಕಾರ್ಖಾನೆಯ ಒಡೆಯ ಅವನೇ. ಆದರೂ ನಾನು ಅವಳ ಬಳಿ ಹೋದೆ. "ಮುಂದಿನ ವಾರದಿಂದ ಸ್ವಲ್ಪ..." ಎಂದು ತೊದಲಿದೆ.

ಅವಳ ಮುಖ ಕೆಂಪಾಯಿತು. "ತಪ್ಪಾಯ್ತು ಪಾಸ್ಟರೇ. ಮನೆಗೋಗಿ ಸ್ನಾನ ಮಾಡಿದ್ರೆ ನಿದ್ದೆ ಹತ್ಬಿಡುತ್ತೆ, ಆರಾಧನೆ ತಪ್ಪೋಗುತ್ತೆ ಅಂತ ಹಂಗೇ ಬಂದೆ."

ಕಾಫಿಯನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಹಾಲ್ವಾರ್ಡ್ ಬಂದು ನನ್ನ ಬೆನ್ನು ತಟ್ಟಿದ.

ನಾನು ಅವನನ್ನು ನೋಡಿ ನಕ್ಕೆ. ಥೂ, ನಕ್ಕೆನಲ್ಲ...