ಬೆರಳ ತುದಿಯ ಕರ್ವು

ಮೇ 4, ಭಾನುವಾರ. ಸುರಪುರ

ಒಪ್ಪಿದರು, ಒಪ್ಪಿದರು, ಒಪ್ಪಿಯೇಬಿಟ್ಟರು — ಹದಿನೆಂಟನೇ ತಾರೀಖಿನ ಮಹಿಳಾ ಆರೋಗ್ಯ ಕ್ಯಾಂಪಿನಲ್ಲಿ ನನ್ನ ಕಂಪ್ಯೂಟರ್ ಮಾಡೆಲ್ಲನ್ನೇ ಬಳಸುತ್ತಾರಂತೆ! ಬೆಂಗಳೂರಿನಿಂದ ನನ್ನ ಪಿಎಚ್.ಡಿ ಗೈಡ್ ಪರಿಮಳಾ ಮೇಡಂ ಫೋನ್ ಮಾಡಿದಾಗ ರೊಟ್ಟಿ ಹಂಚಿನ ಮೇಲಿತ್ತು. ಕರಕಲಾಯಿತು. ಅತ್ತೆ ಹಜರಾಬೀ ಕಣ್ಣು ದೊಡ್ಡದು ಮಾಡಿದರು. ಅವರನ್ನೇ ಅಪ್ಪಿಕೊಂಡೆ.

ಬೆರಳಿಗೊಂದು ಕ್ಲಿಪ್. ಕ್ಲಿಪ್‌ನಲ್ಲಿ ಬೆಳಕು. ಮೊಬೈಲಿನಲ್ಲಿ ನಾಡಿಯ ಕರ್ವು. ಒಂದೆರಡು ನಂಬರ್ ಅಲ್ಲ, ಏರಿ ಇಳಿಯುವ ಇಡೀ ಗೆರೆಯನ್ನೇ ಮಾಡೆಲ್ ಓದಿ ಹಿಮೋಗ್ಲೋಬಿನ್ ಎಷ್ಟೆಂದು ಊಹಿಸುತ್ತದೆ. ಕಡಿಮೆ ಬಂದವರಿಗೆ ಮಾತ್ರ ಸೂಜಿ. ಉಳಿದವರು ನಗುತ್ತಾ ಮನೆಗೆ!

ನನ್ನವರು, ಶಹಬಾಜ, ಶಹಾಪುರದ ಲ್ಯಾಬಿನಲ್ಲಿ ರಕ್ತ ತೆಗೆಯುವವರು. "ನಿನ್ನ ಕ್ಲಿಪ್ಪು ನನ್ನ ನೌಕರಿ ತಿಂತದ ನೋಡು," ಅಂದರು. ಮದುವೆಯಾಗಿ ಎರಡು ವಾರ, ಆ ನಗು ನೋಡಿದರೆ ಈಗಲೂ... ಸಾಕು.

ಮೇ 6, ಮಂಗಳವಾರ

ಮನೆಯ ಹೆಂಗಸರಿಗೆಲ್ಲ ಕ್ಲಿಪ್ ಹಾಕಿದೆ. ಎಲ್ಲರದೂ ಫಸ್ಟ್ ಕ್ಲಾಸ್! ನಾದಿನಿ ಉಮೆಸಲ್ಮಾಗೆ ಏಳು ತಿಂಗಳು. ಮದುವೆಗೆ ಬಂದವಳು ಹೆರಿಗೆಗೆಂದು ತವರಲ್ಲೇ ಉಳಿದಿದ್ದಾಳೆ. ಸೂಜಿ ಅಂದರೆ ಆಸ್ಪತ್ರೆ ಬಾಗಿಲಿನಿಂದಲೇ ಓಡಿಬರುವವಳು. ಅವಳದು 11.6. ಬಸುರಿಗೆ ಹನ್ನೊಂದು ಇದ್ದರೆ ಸಾಕು.

"ನೋಡ್ರಿ ಅಮ್ಮೀ, ಭಾಭಿ ಹೇಳ್ಯಾಳ. ಇನ್ನ ನಾ ಸೂಜಿ ಚುಚ್ಚಿಸ್ಕೊಳ್ಳಾಂಗಿಲ್ಲ."

ಅತ್ತೆ ನನ್ನ ಕಡೆ ನೋಡಿದರು. "ಬ್ಯಾಡೇನು ಬೇಟಿ?"

"ಬ್ಯಾಡ್ರಿ ಅಮ್ಮೀ," ಅಂದೆ. ಎಷ್ಟು ಗತ್ತಿನಿಂದ ಅಂದೆ!

ಮೇ 9, ಶುಕ್ರವಾರ. ಸಂಜೆ

ಉಮೆಸಲ್ಮಾ ಮೆಟ್ಟಿಲ ನಡುವೆ ಕೂತುಬಿಟ್ಟಳು. ಏದುಸಿರು. ತುಟಿ ಬಿಳಿ. ಮತ್ತೆ ಕ್ಲಿಪ್ — 11.5. ಬಿಸಿಲಿಗೆ ಇರಬೇಕು ಅಂದರು ಎಲ್ಲರೂ. ನಾನೂ ಅಂದೆ. ಆದರೂ ಕೂತಲ್ಲಿ ಕೂರಲಾಗುತ್ತಿಲ್ಲ.

ಪಕ್ಕದ ಮನೆಯ ಮಲ್ಲಿಕಮ್ಮ ಮಜ್ಜಿಗೆ ತಂದಿದ್ದರು. ಅವರ ಬೆರಳಿಗೂ ಹಾಕಿದೆ. 9.2. ಇದುವರೆಗೆ ಹಾಕಿದವರಲ್ಲಿ ಕಡಿಮೆ ಬಂದದ್ದು ಅವರೊಬ್ಬರದೇ. "ನಿಮ್ದು ಮದುವಿ ಮನಿ ರಕ್ತ ಬಿಡವ್ವ," ಅಂದು ನಕ್ಕರು. "ಬಿರ್ಯಾನಿ ಉಂಡೀರಿ. ನಂದು ಬರೇ ಮಜ್ಜಿಗಿ ರಕ್ತ."

ನಕ್ಕೆ. ಆಮೇಲೆ ನಗು ಬರಲಿಲ್ಲ. ನಮ್ಮ ಮನೆಯವರೆಲ್ಲರಿಗೂ ಇಷ್ಟು ಚೆನ್ನಾಗಿರುವುದು ಹೇಗೆ? ಕರ್ವುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಆಕಾರ ಸರಿ. ಆದರೆ ಮಲ್ಲಿಕಮ್ಮನವರದು ಬಿಟ್ಟು ಉಳಿದವೆಲ್ಲ ಯಾರೋ ಕೆಳಕ್ಕೆ ಒತ್ತಿದ ಹಾಗೆ ಕೂತಿವೆ. ಕ್ಲಿಪ್ಪೇ ಕೆಟ್ಟಿರಬಹುದಾ?

ಮೇ 10, ಶನಿವಾರ

ಕ್ಲಿಪ್ ಕೆಟ್ಟಿಲ್ಲ.

ಶಹಬಾಜ ಚಹಾ ಕುಡಿಯುತ್ತಿದ್ದರು. ಕೈಗೆ ಸಿಕ್ಕ ಕಿರುಬೆರಳಿಗೆ ಹಾಕಿದೆ. 16.9. ಪಕ್ಕದ ಬೆರಳಿಗೆ ಹಾಕಿದೆ. 13.8. ಮತ್ತೆ ಕಿರುಬೆರಳು. ಮತ್ತೆ 16.9.

"ಎರಡ್ ಬೆರಳಿಗಿ ಎರಡ್ ರಕ್ತ ಹರಿತದೇನು ನನಗ?"

ಮದುವೆಯ ಹಿಂದಿನ ದಿನ ನನ್ನ ತಂಗಿ ಅಂಬರೀನ ಅವರ ಕಿರುಬೆರಳು ಹಿಡಿದು ಮೆಹಂದಿ ಮೆತ್ತಿದ್ದಳು. ಕಾಣಿಕೆ ಕೊಡುವ ತನಕ ಬಿಟ್ಟಿರಲಿಲ್ಲ. ಆ ಬೆರಳಿನ ಉಗುರು ಇನ್ನೂ ಕೆಂಪು. ಪಕ್ಕದ್ದು ಬೋಳು.

ಯಾ ಅಲ್ಲಾ. ರಕ್ತ ಬೆಳಕನ್ನು ಹೀರುತ್ತದೆ. ಮೆಹಂದಿಯೂ ಹೀರುತ್ತದೆ. ಮಾಡೆಲ್ ಅದನ್ನೂ ರಕ್ತವೆಂದೇ ಲೆಕ್ಕ ಹಿಡಿದಿದೆ. ಬೆಂಗಳೂರಿನ ಹಾಸ್ಟೆಲ್ ಹುಡುಗಿಯರ ಬೋಳು ಬೆರಳುಗಳ ಕರ್ವು ಕೊಟ್ಟೇ ಅದಕ್ಕೆ ಕಲಿಸಿದ್ದೆ. ಕೆಂಪು ಬೆರಳು ಒಂದನ್ನೂ ತೋರಿಸಿರಲಿಲ್ಲ. ನಮ್ಮ ಮನೆಯ ಹೆಂಗಸರೆಲ್ಲರ ಹತ್ತೂ ಬೆರಳು ಕೆಂಪು; ಮಲ್ಲಿಕಮ್ಮನವರದು ಮಾತ್ರ ಬೋಳು.

ಉಮೆಸಲ್ಮಾಳದೂ.

"ಈಗಿಂದೀಗ ರಕ್ತ ತೆಗೀರಿ," ಅಂದೆ. ಅವಳು ಮಂಚದ ಕಾಲು ಹಿಡಿದು ಕೂಗಿದಳು. "ಭಾಯಿ ಅಲ್ಲ ನೀ, ಕಸಾಯಿ!" ಅವಳ ಕೈ ಹಿಡಿದವಳು ನಾನೇ. ಶಹಬಾಜ ಟ್ಯೂಬ್ ಹಿಡಿದುಕೊಂಡು ಶಹಾಪುರದ ಬಸ್ಸಿಗೆ ಓಡಿದರು.

ಸಂಜೆ ಲ್ಯಾಬಿನಿಂದ ಫೋನ್. 6.1. ಯಾದಗಿರಿ ಆಸ್ಪತ್ರೆಗೆ ಕರೆದೊಯ್ಯಿರಿ, ತಡ ಮಾಡಬೇಡಿ.

ಮೇ 13, ಮಂಗಳವಾರ

ಯಾದಗಿರಿಯಿಂದ ಕಲಬುರ್ಗಿಗೆ ಕಳಿಸಿದರು. ರಕ್ತ ಏರಿಸುತ್ತಿದ್ದಾರೆ. ಶಹಬಾಜ ಅಲ್ಲೇ ಇದ್ದಾರೆ. ಇಲ್ಲಿ ನಾನು, ಅತ್ತೆ.

"ನಿನ್ನ ಡಬ್ಬಿ ನಂಬಿ ಕುಂತಿದ್ದೆ ನಾ," ಅಂದರು. ಅಷ್ಟೇ. ಹಿಟ್ಟು ನಾದಲು ಹೋದರೆ ಹಿಟ್ಟಿನ ಪರಾತ ತಮ್ಮ ಕಡೆ ಎಳೆದುಕೊಂಡರು. ಅಂಗಳಕ್ಕೆ ಹೋದೆ. ಒಳಗೆ ಬಂದೆ. ಮತ್ತೆ ಅಂಗಳ.

ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕ್ಯಾಂಪಿನಲ್ಲಿ ಕ್ಲಿಪ್ ಬೇಡ ಅಂದೆ.

"ಮೆಹಂದಿ ಇಲ್ಲದ ಬೆರಳು ನೋಡಿ ಹಾಕಬಹುದಲ್ವೇನಮ್ಮ?"

"ಎಲ್ಲಿರುತ್ತೆ ಮೇಡಂ? ಮದುವೆ ಸೀಸನ್. ಬಕ್ರೀದ್ ಬೇರೆ ಬಂತು."

"ಹಾಗಾದ್ರೆ ಎಲ್ಲರಿಗೂ ಸೂಜೀನೇ. ಕ್ಯಾಂಪಿನವರಿಗೆ ನಾನು ಹೇಳ್ತೀನಿ. ನೀನು ಕೆಂಪು ಬೆರಳಿನ ಕರ್ವು ಸೇರಿಸೋಕೆ ಶುರು ಮಾಡು."

ಅತ್ತುಬಿಟ್ಟೆ. ಮಾಡೆಲ್‌ಗಾಗಿ ಅಲ್ಲ.

ಮೇ 15, ಗುರುವಾರ

ಫೋನ್! ಅವಳೇ!

"ಭಾಭಿ, ಕೂಸು ಒದಿಯಾಕತ್ತದ. ಭಾಳ ಒದಿತದ. ನಿನ್ನ ಮ್ಯಾಲಿನ ಸಿಟ್ಟು ಇರಬೇಕು."

ಫೋನನ್ನು ಅತ್ತೆಯ ಕಿವಿಗಿಟ್ಟೆ. ಕೇಳಿದರು, ಸೆರಗಿನಿಂದ ಕಣ್ಣೊತ್ತಿಕೊಂಡರು. ಅವಳನ್ನು ಬಿಡುಗಡೆ ಮಾಡುತ್ತಾರಂತೆ, ಇನ್ನು ವಾರಕ್ಕೊಮ್ಮೆ ಪರೀಕ್ಷೆ, ಸೂಜಿಯಿಂದಲೇ. ಅತ್ತೆ ನನ್ನ ಮುಖ ನೋಡದೆ ಅಂದರು, "ಟೇಷನ್ನಿಗಿ ಇಬ್ಬರೂ ಹೋಗೂಣು. ಗಾಡಿ ಯಾವ್ದು ಬರ್ಕೋ."

ಬರೆದುಕೊಳ್ಳುತ್ತಿದ್ದೇನೆ ಅಮ್ಮೀ — ಯಾದಗಿರಿ, ಶನಿವಾರ, ಉದ್ಯಾನ ಎಕ್ಸ್‌ಪ್ರೆಸ್ —